ಅರ್ಧ ಹೇಳಿದ ಎಚ್ಚರಿಕೆ

ಬೀದರ
9 ಮಾರ್ಚ್ 2003

ಪ್ರೀತಿಯ ತಂಗಿ ಪುತಳಾಗೆ, ಅಕ್ಕ ಸುಮಿತ್ರಾಳ ಜೈ ಭೀಮ.

ನೀನು, ನಿನ್ನ ಗಂಡ ಗೋರಖನಾಥ ಇಬ್ಬರೂ ಔರಾದದಿಂದ ಹೈದರಾಬಾದಿನ ಬಸ್ಸು ಹತ್ತಿ ಹೋದ ಮೇಲೆ ನಿನ್ನ ಮಗಳು ಮೀರಾ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗ ಹೊಂದಿಕೊಂಡಿದ್ದಾಳೆ. ನಾನು ಕಲಿಸುವ ಶಾಲೆಯಲ್ಲೇ ಅವಳ ಹೆಸರು ಹಚ್ಚಿಸಿದ್ದೇನೆ, ಇಬ್ಬರೂ ಕೂಡಿಯೇ ಹೋಗುತ್ತೇವೆ. ಮಕ್ಕಳಿಲ್ಲದ ಈ ಮನೆಯಲ್ಲಿ ಅವಳ ಗಲಾಟೆ ನನಗೂ ನಿಮ್ಮ ಭಾವನವರಿಗೂ ಬೇಕಾಗಿತ್ತು ಅನಿಸುತ್ತದೆ. ನಿಮ್ಮೂರಿನ ಬಾವಿ ಪೂರ್ತಿ ತಳ ಕಂಡಿದೆಯಂತೆ. ಅರ್ಧ ಓಣಿ ಪುಣೆಗೆ, ಅರ್ಧ ಓಣಿ ಹೈದರಾಬಾದಿಗೆ ಹೋಗಿದೆ ಎಂದು ಅಲ್ಲಿಂದ ಬಂದವರು ಹೇಳಿದರು.

ಇನ್ನೊಂದು ಮಾತು. ಕಳೆದ ವಾರ ಭಾಲ್ಕಿಯಲ್ಲಿ ಶಿಕ್ಷಕಿಯರಿಗೆ ಆರೋಗ್ಯ ತರಬೇತಿ ಇತ್ತು. ಒಬ್ಬ ಡಾಕ್ಟರಬಾಯಿ ಸ್ತನ ಕ್ಯಾನ್ಸರಿನ ಬಗ್ಗೆ ಮಾತಾಡಿದರು. ಕುಡಿತ ಅದರ ಅಪಾಯವನ್ನು ಹೆಚ್ಚಿಸುತ್ತದೆಯಂತೆ. ಲಿವರ್ ಕೆಡುತ್ತದೆ ಎಂದು ಮಾತ್ರ ನನಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಸಾರಾಯಿಯಾಗಲಿ, ಬಿಯರಾಗಲಿ, ಸಿಂದಿಯಾಗಲಿ, ಎಲ್ಲದರೊಳಗೂ ಇರುವುದು ಅದೇ ವಿಷ. ಎಷ್ಟು ಹೆಚ್ಚು ಕುಡಿದರೆ ಅಷ್ಟು ಹೆಚ್ಚು ಅಪಾಯ. ಕೂತಲ್ಲೇ ನನಗೆ ನಿನ್ನ ನೆನಪಾಯಿತು. ಸಂಕ್ರಾಂತಿಗೆ ಬಂದಾಗ ನಿನ್ನ ಬಾಯಿಂದ ವಾಸನೆ ಬಂದದ್ದಕ್ಕೆ ನಾನು ಕೇಳಿದೆ. ನೀನು ನಗುತ್ತ, "ಸಿಂದಿ ಅದಾ ಅಕ್ಕ, ಮೈಗಿ ತಂಪು" ಅಂದೆ. ಅದು ತಂಪಲ್ಲ, ಪುತಳಾ. ಅಮಲಿನದನ್ನು ಮುಟ್ಟಬಾರದು ಎಂಬ ಪಂಚಶೀಲದ ಐದನೆಯ ಮಾತನ್ನು ಅಪ್ಪ ನಮ್ಮಿಬ್ಬರಿಗೂ ಬಾಯಿಪಾಠ ಮಾಡಿಸಿದ್ದ. ಇವತ್ತಿನಿಂದಲೇ ಬಿಟ್ಟುಬಿಡು.

ಸುಮಿತ್ರಾ


ಹೈದರಾಬಾದ
2 ಏಪ್ರಿಲ್ 2003

ಅಕ್ಕನಿಗೆ ಪುತಳಾ ಮಾಡುವ ನಮಸ್ಕಾರ.

ನಿನ್ನ ಕಾಗದ ಮುಟ್ಟಿತು. ಫೋನ್ ಮಾಡಬಹುದಿತ್ತು, ಆದರೆ ಎಸ್‌ಟಿಡಿ ಬೂತಿನಲ್ಲಿ ಹಿಂದೆ ನಿಂತ ಹತ್ತು ಜನ ನಮ್ಮ ಮನೆಯ ಸುದ್ದಿ ಕೇಳುತ್ತಾರೆ. ಅದಕ್ಕಿಂತ ಕಾಗದವೇ ಪಾಡು. ಏಳನೇ ಇಯತ್ತೆ ತನಕ ಶಾಲೆ ಕಲಿತದ್ದು ಹೀಗಾದರೂ ಉಪಯೋಗಕ್ಕೆ ಬರಲಿ.

ಇಲ್ಲಿ ಆರು ಮಾಳಿಗೆಯ ಕಟ್ಟಡ ಏಳುತ್ತಿದೆ. ಗಂಡಸರು ಸೆಂಟ್ರಿಂಗ್ ಕಟ್ಟುತ್ತಾರೆ, ನಾವು ಹೆಂಗಸರು ಕಾಂಕ್ರೀಟಿನ ಬುಟ್ಟಿ ಹೊತ್ತು ಏರುತ್ತೇವೆ. ಸ್ಲ್ಯಾಬ್ ಹಾಕುವ ದಿನ ಮುಂಜಾನೆ ಶುರುವಾದರೆ ಮುಗಿಯುವ ತನಕ ಬಿಡುವಂತಿಲ್ಲ. ಸಂಜೆಗೆ ಕುತ್ತಿಗೆ ನನ್ನದೇ ಹೌದೋ ಅಲ್ಲವೋ ಅನಿಸುತ್ತದೆ. ಆಗ ಮೇಸ್ತ್ರಿ ತಾನೇ ಸಿಂದಿಯ ಕೊಡ ತರಿಸುತ್ತಾನೆ. ಯಾಕೆ ತರಿಸುತ್ತಾನೆ ಎಂದು ನನಗೂ ಗೊತ್ತು. ಕುಡಿದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಮರುದಿನ ಮತ್ತೆ ಬುಟ್ಟಿ ಹೊರುತ್ತೇವೆ. ಮೊದಮೊದಲು ಒಂದು ಲೋಟ ಸಾಕಾಗುತ್ತಿತ್ತು. ಈಗ ಸಾಲುವುದಿಲ್ಲ. ನಿನ್ನ ಮುಂದೆ ಸುಳ್ಳು ಯಾಕೆ ಹೇಳಲಿ?

ಭಾಲ್ಕಿ ಕಡೆಯ ಹೀರಾಬಾಯಿ ನಮ್ಮ ಪಕ್ಕದ ಗುಡಿಸಲಿನವಳು. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. "ನಿಮ್ಮಕ್ಕ ಡಾಕ್ಟರಬಾಯಿನ್ನ ಕರಕೊಂಡು ಬಂದು ಒಂದ್ ದಿನ ಬುಟ್ಟಿ ಹೊರಲಿ, ಆಮ್ಯಾಲ ಬಿಡ್ತೇನಿ" ಅಂದಳು. ಎಲ್ಲರೂ ನಕ್ಕೆವು. ಸಿಟ್ಟಾಗಬೇಡ.

ಮೀರಾಳ ಕೂದಲಿಗೆ ಎಣ್ಣೆ ಹಚ್ಚು. ತಾನೇ ಹಚ್ಚಿಕೊಂಡರೆ ಹಿಂದಿನ ಕಡೆ ಬಿಡುತ್ತಾಳೆ.

ಪುತಳಾ


ಬೀದರ
22 ಜೂನ್ 2003

ಪುತಳಾ,

ನಗುವ ವಿಷಯವಲ್ಲ. ನೀನು ಮತ್ತು ನಿನ್ನ ಹೀರಾಬಾಯಿ ನಕ್ಕದ್ದನ್ನು ಓದಿ ನನಗೆ ಎರಡು ತಿಂಗಳು ಕಾಗದ ಬರೆಯುವ ಮನಸ್ಸಾಗಲಿಲ್ಲ.

ರಜೆಯಲ್ಲಿ ಮೀರಾ ನಿನ್ನನ್ನು ನೋಡಿ ಬಂದಳಲ್ಲ, ಬಂದ ದಿನವೇ ನನ್ನ ಹತ್ತಿರ ಬಂದು, "ದೊಡ್ಡವ್ವ, ನಮ್ಮವ್ವ ಕುಡೀತಾಳೇನು?" ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಕುಡಿಯುವ ಹೆಂಗಸಿಗೆ ಎಂಥ ರೋಗ ಬರುತ್ತದೆ ಎಂಬುದನ್ನೂ ಹೇಳಿದೆ. ಮಗು ಆ ದಿನ ಊಟ ಮಾಡದೆ ಮಲಗಿತು. ನಾಳೆ ನಿನಗೆ ಏನಾದರೂ ಆದರೆ ಯಾರ ಮೇಲೆ ಹಾಕುತ್ತೀ? ದೇವರ ಮೇಲೆ ಹಾಕಲು ನಮ್ಮ ಮನೆಯಲ್ಲಿ ದೇವರಿಲ್ಲ. ನಿನ್ನ ಕೈಯಾರೆ ತಂದುಕೊಂಡದ್ದು ಎಂದೇ ಎಲ್ಲರೂ ಹೇಳುತ್ತಾರೆ.

ಇಲ್ಲಿ ಮೃಗಶಿರಾ ಮಳೆ ಇಲ್ಲದೆ ಒಣಗಿಯೇ ಹೋಯಿತು. ನಳಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು.

ಸುಮಿತ್ರಾ


ಹೈದರಾಬಾದ
27 ಆಗಸ್ಟ್ 2003

ಅಕ್ಕ,

ನಾವು ಆರಾಮ ಇದ್ದೇವೆ. ಕೆಲಸ ಬಹಳ. ಅದಕ್ಕೇ ಬರೆಯಲು ಆಗಲಿಲ್ಲ. ದಸರಾಕ್ಕೂ ಬೌದ್ಧ ದೀಕ್ಷೆಯ ದಿನಕ್ಕೂ ಬರುವುದು ಆಗಲಿಕ್ಕಿಲ್ಲ. ಮೀರಾಳಿಗೆ ನೀನೇ ಒಂದು ಜೊತೆ ಬಟ್ಟೆ ಕೊಡಿಸು.

ಅವ್ವನ ತಂಗಿ, ನಮ್ಮ ಭಾಲ್ಕಿ ಮೌಶಿ ಎದೆಯ ಹುಣ್ಣಾಗಿ ತೀರಿಕೊಂಡಳಲ್ಲ, ಅವಳಿಗೆ ಮೊದಲು ನೋವು ಇತ್ತೇ? ಅಥವಾ ನೋವಿಲ್ಲದೆ ಶುರುವಾಯಿತೇ? ನಾನು ಆಗ ಸಣ್ಣವಳು, ನನಗೆ ನೆನಪಿಲ್ಲ. ಹೀರಾಬಾಯಿ ಸುಮ್ಮನೆ ಕೇಳುತ್ತಿದ್ದಳು.

ಮೀರಾಳಿಗೆ ನನ್ನ ಬಗ್ಗೆ ಇನ್ನು ಏನೂ ಹೇಳಬೇಡ, ಅಕ್ಕ. ಹೇಳುವುದಿದ್ದರೆ ನಾನೇ ಹೇಳುತ್ತೇನೆ.

ಪುತಳಾ


ಬೀದರ
19 ಅಕ್ಟೋಬರ್ 2003

ಪುತಳಾ,

ನೀನು ಹಬ್ಬಕ್ಕೆ ಯಾಕೆ ಬರಲಿಲ್ಲ ಎಂಬುದು ನನಗೆ ತಿಳಿಯದ್ದಲ್ಲ. ಇಲ್ಲಿಗೆ ಬಂದರೆ ಕುಡಿಯಲು ಆಗುವುದಿಲ್ಲ, ಅದಕ್ಕೆ ಬರಲಿಲ್ಲ. ಹೊಸ ಲಂಗ ಹಾಕಿಕೊಂಡ ಮೀರಾ ಬಸ್ ಸ್ಟ್ಯಾಂಡಿಗೆ ಹೋಗಿ ಬರೋಣ ಎಂದು ಹಟ ಮಾಡಿದಳು. ಹೋದೆವು. ಹೈದರಾಬಾದಿನ ಮೂರು ಬಸ್ಸು ಖಾಲಿಯಾಗುವ ತನಕ ನಿಂತು ಬಂದೆವು.

ಮೌಶಿಗೆ ಮೊದಲು ನೋವೇ ಇರಲಿಲ್ಲವಂತೆ. ಅವಳಿಗೆ ಅದೇ ಮೋಸವಾಯಿತು. ಈಗ ಆ ಸುದ್ದಿ ಯಾಕೆ? ಸತ್ತವರ ರೋಗ ಕೆದಕಿ ಕೂರಬೇಡಿ, ನೀನು ಮತ್ತು ನಿನ್ನ ಗೆಳತಿ.

ನನಗೂ ಈಚೆಗೆ ನಿದ್ದೆ ಸರಿ ಬರುತ್ತಿಲ್ಲ. ಶಾಲೆಯ ಕೆಲಸ ಹೆಚ್ಚಾಗಿದೆ, ಬೇರೇನಿಲ್ಲ.

ಸುಮಿತ್ರಾ


ಹೈದರಾಬಾದ
11 ಡಿಸೆಂಬರ್ 2003

ಅಕ್ಕ,

ಈ ಕಾಗದ ಓದುವಾಗ ಮೀರಾ ಹತ್ತಿರ ಇದ್ದರೆ ಆಮೇಲೆ ಓದು.

ನನ್ನ ಎಡಗಡೆ ಎದೆಯಲ್ಲಿ ಗಡ್ಡೆ ಇದೆ. ಶ್ರಾವಣದಲ್ಲಿ ಸ್ನಾನ ಮಾಡುವಾಗ ಕೈಗೆ ಹತ್ತಿತು. ಕಡಲೆ ಕಾಳಿನಷ್ಟು ಗಟ್ಟಿ, ಒತ್ತಿದರೂ ನೋವಿಲ್ಲ. ನಿನಗೆ ಬರೆಯಬೇಕು ಎಂದು ಕೂತೆ. ನಿನ್ನ ಹಿಂದಿನ ಕಾಗದ ಕಣ್ಣ ಮುಂದೆ ಬಂತು. ಕೈಯಾರೆ ತಂದುಕೊಂಡದ್ದು ಎಂದು ಎಲ್ಲರೂ ಹೇಳುತ್ತಾರೆ ಎಂದು ಬರೆದಿದ್ದೆಯಲ್ಲ. ಎಲ್ಲರೂ ಹೇಳಲಿ, ಮೀರಾ ಹಾಗೆ ಅಂದುಕೊಂಡರೆ ನಾನು ಹೇಗೆ ಅವಳ ಮುಖ ನೋಡಲಿ? ಹೇಳದಿದ್ದರೆ ಹೋಗಿಬಿಡುತ್ತದೆ ಎಂದು ಸುಮ್ಮನಾದೆ. ಹೆದರಿಕೆಗೆ ಇನ್ನೂ ಹೆಚ್ಚು ಕುಡಿದೆ. ಅದನ್ನೂ ಹೇಳಿಬಿಡುತ್ತೇನೆ.

ಹೋದ ವಾರ ಬುಟ್ಟಿ ಎತ್ತುವಾಗ ಕುಪ್ಪಸ ಸರಿಯಿತು. ಚರ್ಮ ಒಳಗೆ ಎಳೆದುಕೊಂಡದ್ದನ್ನು ಹೀರಾಬಾಯಿ ನೋಡಿದಳು. ಅವಳೇ ನಮ್ಮವರಿಗೆ ಹೇಳಿದಳು. ಅವರು ಬಯ್ಯಲಿಲ್ಲ. "ನಡಿ" ಅಂದರು, ಅಷ್ಟೇ. ಇಲ್ಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಅದೇ ಅಂತೆ, ಅಕ್ಕ. ಎದೆ ತೆಗೆಯಬೇಕಂತೆ.

ಗಂಡಸರನ್ನು ವಾರ್ಡಿನೊಳಗೆ ಬಿಡುವುದಿಲ್ಲ. ನೀನು ಬರುತ್ತೀಯಾ? ಬಯ್ಯುವುದಿದ್ದರೆ ಇಲ್ಲಿಗೆ ಬಂದು ಬಯ್ಯಿ. ಮೀರಾಳಿಗೆ ಅವ್ವನ ಹೊಟ್ಟೆಯಲ್ಲಿ ಗಂಟಾಗಿದೆ ಎಂದು ಹೇಳು.

ಪುತಳಾ


ಹೈದರಾಬಾದ
8 ಫೆಬ್ರವರಿ 2004

ಅಕ್ಕ,

ನೀನು ಬೀದರಿಗೆ ಮರಳಿ ಹೋಗಿ ಹದಿನೈದು ದಿನವಾಯಿತು. ಆಪರೇಶನ್ ಹೊತ್ತಿನಲ್ಲಿ ನೀನು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಬಟ್ಟೆ ಒಗೆದೆ, ಗಂಜಿ ಕುಡಿಸಿದೆ, ಗಾಯಕ್ಕೆ ಹಚ್ಚಿದ ರಕ್ತದ ನಳಿಗೆ ಹಿಡಿದುಕೊಂಡು ನನ್ನ ಜೊತೆ ಸಂಡಾಸಿಗೆ ಬಂದೆ. ಅದು ಒಂದು ಕಡೆ ಇರಲಿ. ಇನ್ನೊಂದು ಮಾತು ಇದೆ. ಅದನ್ನು ನುಂಗಲು ನನಗೆ ಆಗುತ್ತಿಲ್ಲ.

ನನ್ನನ್ನು ಭರ್ತಿ ಮಾಡಿಕೊಂಡ ದಿನ ಇಲ್ಲಿಯ ಡಾಕ್ಟರಬಾಯಿ ಕೇಸು ಬರೆದುಕೊಳ್ಳುವಾಗ ನನ್ನ ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ, "ಏನಾದರೂ ಅಭ್ಯಾಸ ಇದೆಯೇನಮ್ಮ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ನೀನು, "ಸಿಂದಿ ಕುಡೀತಾಳ್ರಿ, ಬಾಳ ಕುಡೀತಾಳ್ರಿ, ಎಷ್ಟ್ ಹೇಳಿದ್ರೂ ಕೇಳಲಿಲ್ರಿ" ಅಂದೆ. ಪಕ್ಕದ ಬೆಂಚಿನಲ್ಲಿದ್ದ ಹೆಂಗಸರು ಹೊರಳಿ ನೋಡಿದರು. ಆ ಮಾತನ್ನು ನಾನೇ ಹೇಳುವವಳಿದ್ದೆ. ನನ್ನ ಬಾಯಿಂದ ಹೇಳಿದ್ದರೆ ಅದು ನನ್ನ ಮಾತಾಗಿರುತ್ತಿತ್ತು.

ನೀನು ಹೋದ ಮೇಲೆ ಸಲೈನಿನಲ್ಲಿ ಕ್ಯಾನ್ಸರಿನ ಔಷಧಿ ಹಾಕಿಸಿಕೊಳ್ಳಲು ಹೋದಾಗ ಅದೇ ಡಾಕ್ಟರಬಾಯಿಯನ್ನು ಕೇಳಿದೆ. "ಕುಡದದ್ದಕ್ಕೇ ಬಂತೇನ್ರಿ ನಂಗ?" ಅಂದೆ. ಅವರು ಕುರ್ಚಿ ಎಳೆದು ಕೂತರು. ಕುಡಿತದಿಂದ ಅಪಾಯ ಹೆಚ್ಚುವುದು ನಿಜ, ಈಗ ಬಿಟ್ಟರೂ ಒಳ್ಳೆಯದೇ, ಬಿಡಲೇಬೇಕು ಎಂದರು. ಆದರೆ ನನ್ನ ಈ ಗಡ್ಡೆ ಅದರಿಂದಲೇ ಬಂತು ಎಂದು ಯಾವ ಡಾಕ್ಟರೂ ಹೇಳಲು ಬರುವುದಿಲ್ಲ ಎಂದರು. ಕುಡಿದವರಲ್ಲಿ ಬಹಳ ಜನಕ್ಕೆ ಬರುವುದಿಲ್ಲವಂತೆ, ಒಂದು ತೊಟ್ಟು ಮುಟ್ಟದವರಿಗೂ ಬರುತ್ತದಂತೆ. ವಯಸ್ಸಾದಂತೆ ಅಪಾಯ ಹೆಚ್ಚುತ್ತದಂತೆ. ರಕ್ತಸಂಬಂಧದಲ್ಲಿ ಯಾರಿಗಾದರೂ ಬಂದಿದ್ದರೆ ಜಾಗ್ರತೆ ಇರಬೇಕಂತೆ. ಮಕ್ಕಳೇ ಆಗದವರಿಗೂ, ತಡವಾಗಿ ಆದವರಿಗೂ ಸ್ವಲ್ಪ ಹೆಚ್ಚಂತೆ.

ಇದನ್ನೆಲ್ಲ ಭಾಲ್ಕಿಯ ಡಾಕ್ಟರಬಾಯಿ ಹೇಳಲಿಲ್ಲವೇ? ಹೇಳಿರಬೇಕು. ನೀನು ನನಗೆ ಬರೆದದ್ದು ಸಿಂದಿಯದು ಮಾತ್ರ. ನನ್ನದನ್ನು ಬರೆದೆ, ನಿನ್ನದನ್ನು ಬಿಟ್ಟೆ. ಯಾಕೆ?

ತಲೆಕೂದಲು ಉದುರುತ್ತಿದೆ. ಎಡಗೈ ಮೇಲೆ ಎತ್ತಲು ಬರುವುದಿಲ್ಲ.

ಪುತಳಾ


ಬೀದರ
14 ಮಾರ್ಚ್ 2004

ಪುತಳಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತು ಎದ್ದೆ, ಮತ್ತೆ ಕೂತೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗಲೂ ನೀನು ಕೇಳಿದ 'ಯಾಕೆ' ಎದುರಿಗೇ ನಿಂತಿರುತ್ತಿತ್ತು.

ಹೇಳಿದ್ದರು. ಎಲ್ಲವನ್ನೂ ಹೇಳಿದ್ದರು. ಮಕ್ಕಳಾಗದವರು ಎಂಬ ಮಾತು ಬಂದಾಗ ಪಕ್ಕದಲ್ಲಿದ್ದ ಶಿಕ್ಷಕಿ ನನ್ನ ಕಡೆ ನೋಡಿ ಥಟ್ಟನೆ ಮುಖ ತಿರುಗಿಸಿದಳು. ನನಗೆ ಎದ್ದು ಹೊರಗೆ ಹೋಗಬೇಕು ಅನಿಸಿತು. ಆಮೇಲೆ ಕುಡಿತದ ಮಾತು ಬಂತು. ಅದು ನನಗೆ ಹತ್ತುವ ಮಾತಲ್ಲ. ನನ್ನ ಜೀವಕ್ಕೆ ಎಂಥ ಸಮಾಧಾನವಾಯಿತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ಅದೊಂದನ್ನೇ ಹಿಡಿದುಕೊಂಡು ಮನೆಗೆ ಬಂದೆ, ಅದೊಂದನ್ನೇ ನಿನಗೆ ಬರೆದೆ. ನಿನ್ನ ಕಾಳಜಿಯಿಂದ ಬರೆದೆ ಎಂದೇ ನಂಬಿದ್ದೆ. ಕಾಳಜಿಯೂ ಇತ್ತು ಪುತಳಾ, ಇರಲಿಲ್ಲ ಎನ್ನಬೇಡ.

ಇನ್ನೂ ಒಂದು ಇದೆ. ದೀಪಾವಳಿಯ ಮೊದಲಿನಿಂದ ನನ್ನ ಬಲಗಡೆ ಒಂದು ಗಂಟು ಕೈಗೆ ಹತ್ತುತ್ತಿದೆ. ನಿನ್ನ ಆಪರೇಶನ್ ಆದ ದಿನ ವಾರ್ಡಿನ ಹೊರಗೆ ಕೂತು ಸೆರಗಿನೊಳಗೆ ಕೈಯಿಟ್ಟು ಅದನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಲ್ಲೇ, ಅದೇ ಡಾಕ್ಟರಿಗೆ ತೋರಿಸಬಹುದಿತ್ತು. ತೋರಿಸಲಿಲ್ಲ. ಕುಡಿಯದವಳಿಗೆ, ಯಾರಿಗೂ ಕೆಟ್ಟದ್ದು ಮಾಡದವಳಿಗೆ ಬಂದರೆ ಏನು ಅರ್ಥ ಎಂದು ಯೋಚಿಸುತ್ತಿದ್ದೆ. ನೋಡು, ವಿಜ್ಞಾನ ಕಲಿಸುವವಳ ಬುದ್ಧಿ. ರೋಗವೂ ಮಾರ್ಕು ನೋಡಿ ಬರುತ್ತದೆ ಎಂದು ತಿಳಿದಿದ್ದೆ.

ನಿಮ್ಮ ಭಾವನವರಿಗೂ ಹೇಳಿಲ್ಲ.

ಸುಮಿತ್ರಾ


ಹೈದರಾಬಾದ
18 ಮಾರ್ಚ್ 2004

ಅಕ್ಕ,

ಸೋಮವಾರ ಶಾಲೆಗೆ ರಜೆ ಹಾಕು. ಮುಂಜಾನೆಯ ಬಸ್ಸಿಗೆ ಬರುತ್ತಿದ್ದೇನೆ. ನನ್ನ ಮುಂದಿನ ಸಲೈನಿಗೆ ಇನ್ನೂ ದಿನ ಇದೆ, ಡಾಕ್ಟರಬಾಯಿಯನ್ನು ಕೇಳಿಯೇ ಹೊರಟಿದ್ದೇನೆ. ಭಾವನವರಿಗೆ ಇವತ್ತೇ ಹೇಳು. ನಾನು ಬಂದ ಮೇಲೆ ಹೇಳಿದರಾಯಿತು ಅನ್ನಬೇಡ.

ಮೀರಾಳಿಗೂ ನಾನೇ ಎಲ್ಲ ಹೇಳುತ್ತೇನೆ. ಬೋಳು ತಲೆ ನೋಡಿ ಹೆದರದಂತೆ ಮೊದಲೇ ಒಂದು ಮಾತು ಹಾಕಿಡು.

ಪುತಳಾ


ಬೀದರ
7 ಏಪ್ರಿಲ್ 2004

ಪುತಳಾ,

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ. ಬರೀ ಗಂಟು. ಆರು ತಿಂಗಳ ಮೇಲೆ ಮತ್ತೆ ತೋರಿಸಬೇಕು, ಮನೆತನದಲ್ಲಿ ಇಬ್ಬರಿಗೆ ಬಂದಿರುವುದರಿಂದ ವರ್ಷಕ್ಕೊಮ್ಮೆ ಬಿಡದೆ ತೋರಿಸಬೇಕು ಎಂದಿದ್ದಾರೆ. ಸುದ್ದಿ ಕೇಳಿದಾಗ ನನಗೆ ಸಂತೋಷವಾಗುವ ಮೊದಲು ನಿನ್ನ ಮುಖ ಕಣ್ಣಿಗೆ ಬಂತು. ಇದನ್ನು ನಿನಗೆ ಹೇಗೆ ಬರೆಯಲಿ ಎಂದು ಎರಡು ದಿನ ಅತ್ತಿತ್ತ ಓಡಾಡಿದೆ.

ಇಲ್ಲಿಯ ಡಾಕ್ಟರ ಪರದೆಯ ಹಿಂದೆ ನಾನು ಕುಪ್ಪಸದ ಗುಂಡಿ ಬಿಚ್ಚದೆ ನಿಂತಿದ್ದಾಗ ನೀನು ನಿನ್ನ ಸೆರಗು ಸರಿಸಿ ಆ ಗಾಯದ ಗೆರೆ ತೋರಿಸಿದೆ. "ನೋಡು, ಇಷ್ಟೇ ಅದಾ. ಇದಕ್ಕ ಹೆದರಿ ಕುಂತಿದ್ದೆ ನಾನು" ಅಂದೆ. ಆಸ್ಪತ್ರೆಯಲ್ಲಿ ಅಷ್ಟು ದಿನ ನಿನ್ನ ಸೇವೆ ಮಾಡಿದರೂ ಪಟ್ಟಿ ಬಿಚ್ಚುವಾಗೆಲ್ಲ ನಾನು ಕಣ್ಣು ಬೇರೆ ಕಡೆ ಇಡುತ್ತಿದ್ದೆ. ನಿನಗೆ ಗೊತ್ತಾಗಿತ್ತೇ? ಗೊತ್ತಾಗಿರಬೇಕು.

ಆ ಸಂಜೆ ನೀನು ಮೀರಾಳ ಜೊತೆ ಪಡಸಾಲೆಯಲ್ಲಿ ಮಾತಾಡಿದ್ದು ನನಗೆ ಅಡಿಗೆ ಮನೆಯಲ್ಲಿ ಕೇಳಿಸಿತು. "ಸಿಂದಿಯಿಂದನೇ ಬಂತೇನವ್ವ?" ಎಂದು ಹುಡುಗಿ ಕೇಳಿದಳು. ನನ್ನ ಕೈಯಲ್ಲಿ ಹಿಟ್ಟು ಹಾಗೇ ನಿಂತಿತು. ನೀನು, "ಅದೂ ಕಾರಣ ಇರಬಹುದು, ಇರಲಿಕ್ಕಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಕುಡದಿದ್ದು ಖರೇ, ಬಿಟ್ಟಿದ್ದೂ ಖರೇ" ಅಂದೆ. ಬಾಗಿಲಿಂದ ಇಣುಕಿದೆ, ಹುಡುಗಿ ನಿನ್ನ ತಲೆ ಮುಟ್ಟಿ ನೋಡುತ್ತಿದ್ದಳು. ಇದೇ ಮಾತನ್ನು ನಾನು ಅವಳಿಗೆ ಎಷ್ಟು ಕ್ರೂರವಾಗಿ ಹೇಳಿದ್ದೆ. ಅಷ್ಟೇ ನಿಜವನ್ನು ನೀನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ.

ಇಲ್ಲಿಯ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಕೂತು ಬೇಳೆ ಹಸನು ಮಾಡುವ ಕೆಲಸ ಹೆಂಗಸರಿಗೆ ಸಿಗುತ್ತದೆ. ಭಾವನವರು ವಿಚಾರಿಸಿದ್ದಾರೆ. ಬಾ ಎಂದು ಅಪ್ಪಣೆ ಮಾಡುತ್ತಿಲ್ಲ, ಕೇಳುತ್ತಿದ್ದೇನೆ.

ಸುಮಿತ್ರಾ


ಹೈದರಾಬಾದ
2 ಮೇ 2004

ಅಕ್ಕ,

ನಿನಗೆ ಏನೂ ಇಲ್ಲ ಎಂದು ಓದಿ ನಮ್ಮವರಿಗೆ ಕೂಗಿ ಹೇಳಿದೆ. ಅವರು ಹೋಗಿ ಬಾಳೆಹಣ್ಣು ತಂದು ಸುತ್ತಲಿನ ಗುಡಿಸಲಿಗೆಲ್ಲ ಹಂಚಿದರು. ಹಣ್ಣು ತಿನ್ನುತ್ತ ಕೂತಾಗ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಮುಚ್ಚಿಡುವುದಿಲ್ಲ. ಒಂದು ಗಳಿಗೆ ಆಯಿತು, ಆಮೇಲೆ ಹೋಯಿತು. ನೀನು ಬರೆಯಲು ಎರಡು ದಿನ ಓಡಾಡಿದೆಯಲ್ಲ, ಅದಕ್ಕೂ ಇದಕ್ಕೂ ಲೆಕ್ಕ ಸರಿ.

ಗಂಜಿನ ಕೆಲಸಕ್ಕೆ ಮಳೆಗಾಲದ ಮೇಲೆ ಬರುತ್ತೇನೆ. ಸಲೈನು ಇನ್ನೂ ಉಳಿದಿದೆ, ಆಮೇಲೆ ಕರೆಂಟು, ಅಂದರೆ ಕಿರಣದ ಚಿಕಿತ್ಸೆ, ಕೊಡುತ್ತಾರಂತೆ. ಬುಟ್ಟಿ ಹೊರಬಾರದು ಎಂದಿದ್ದಕ್ಕೆ ಮೇಸ್ತ್ರಿ ನನ್ನನ್ನು ಕೂಲಿಯವರ ಕೂಸುಗಳನ್ನು ನೋಡಿಕೊಳ್ಳಲು ಇಟ್ಟಿದ್ದಾನೆ. ಹಗಲು ಹೇಗೋ ಹೋಗುತ್ತದೆ. ಸಂಜೆಯದೇ ಕಷ್ಟ. ಕೊಡದ ಬಾಯಿ ಬಿಚ್ಚಿದರೆ ಆ ಹುಳಿ ವಾಸನೆ ನಮ್ಮ ಗುಡಿಸಲಿಗೇ ಬರುತ್ತದೆ. ಕಾಲು ನಿಲ್ಲುವುದಿಲ್ಲ. ಎದ್ದು ರಸ್ತೆಯ ತನಕ ಹೋಗುತ್ತೇನೆ, ಮರಳಿ ಬರುತ್ತೇನೆ, ಮತ್ತೆ ಹೋಗುತ್ತೇನೆ. ನಿದ್ದೆಯೂ ಸರಿ ಇಲ್ಲ. ಬಿಟ್ಟೆ ಎಂದು ಮೀರಾಳಿಗೆ ಸಲೀಸಾಗಿ ಹೇಳಿಬಿಟ್ಟೆ. ದಿನಾ ಬಿಡಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಿನ್ನೆ ಕಾರ್ಮಿಕರ ದಿನ ಎಂದು ಕೆಲಸ ಬೇಗ ಬಿಟ್ಟರು. ಹೀರಾಬಾಯಿ ಲೋಟ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. "ನಾ ನಿನಗಿಂತ ಹೆಚ್ಚ ಕುಡದೀನಿ, ನಂಗೇನೂ ಆಗಿಲ್ಲ ನೋಡು" ಅಂದಳು. "ಆಗಿಲ್ಲ ಅಂತ ಹ್ಯಾಂಗ ಗೊತ್ತು? ನೋಡಿಕೊಂಡೀಯೇನು?" ಎಂದು ಕೇಳಿದೆ. ಬಯ್ಯುವ ದನಿಯಲ್ಲಿ ಕೇಳಲಿಲ್ಲ. ಅವಳು ಲೋಟ ಕೆಳಗಿಟ್ಟಳು. "ಹ್ಯಾಂಗ ನೋಡಿಕೊಳ್ಳಾದು?" ಅಂದಳು.

ತಾಡಪತ್ರಿ ಕಟ್ಟಿದ ಬಚ್ಚಲಿಗೆ ಕರೆದುಕೊಂಡು ಹೋದೆ. ಅವಳ ಹಿಂದೆ ಇನ್ನೂ ನಾಲ್ಕು ಜನ ಬಂದರು. ಡಾಕ್ಟರಬಾಯಿ ನನಗೆ ತೋರಿಸಿದ ಹಾಗೆ ಬೆರಳು ಚಾಚಿ, ಒತ್ತಿ, ಸುತ್ತ ತಿರುಗಿಸಿ ತೋರಿಸಿದೆ. ಕಂಕುಳ ತನಕ ನೋಡಬೇಕು ಎಂದೆ. ಕೈಗೆ ಏನೂ ಹತ್ತದಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಬೇಕು ಎಂದೆ. ಸಿಂದಿಯ ಮಾತನ್ನೂ ಹೇಳಿದೆ, ಮೌಶಿಯದನ್ನೂ ಹೇಳಿದೆ, ನಿನ್ನದನ್ನೂ ಹೇಳಿದೆ. ಮೊದಲು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ತಮ್ಮ ತಮ್ಮ ಮೈಯನ್ನು ಹುಡುಕುತ್ತಿದ್ದರು.

ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಹೀರಾಬಾಯಿ ಹೋಗಲಿಲ್ಲ. ಅವಳ ಕೈ ಒಂದೇ ಕಡೆ ನಿಂತಿತ್ತು. "ಪುತಳಾ, ಇಲ್ಲಿ ನೋಡ ಬಾ" ಅಂದಳು. ನೋಡಿದೆ. ನನಗೂ ಹತ್ತಿತು, ಸಣ್ಣದು.

ನಾಳೆ ಸೋಮವಾರ ಸ್ಲ್ಯಾಬ್ ಇದೆ, ಬಿಡುವುದಿಲ್ಲ ಎಂದು ಮೇಸ್ತ್ರಿ ಕೂಗಾಡುತ್ತಿದ್ದಾನೆ. ಕೂಗಾಡಲಿ. ಮುಂಜಾನೆ ಮೊದಲನೆಯ ಬಸ್ಸಿಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಒಳಗೆ ಹೋದ ಮೇಲೆ ಡಾಕ್ಟರು ಕೇಳಿದ್ದಕ್ಕೆ ಅವಳೇ ಉತ್ತರ ಕೊಡುತ್ತಾಳೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಪುತಳಾ